ನಿಮ್ಮ ಸೆನ್ಸರ್ ಕೇಳುತ್ತಿರುವುದು ಎಳೆ ಮುರಿಯುವುದನ್ನೋ, ತನ್ನದೇ ಸದ್ದನ್ನೋ?

ಪ್ರಶ್ನೆ: ಗ್ಲಾಸ್ ಫೈಬರ್ ಮತ್ತು ಎಪಾಕ್ಸಿಯಿಂದ ಮಾಡಿದ ಪಟ್ಟಿಯನ್ನು ಎಳೆದು ಮುರಿಯುವಾಗ ಬರುವ ಅಕೌಸ್ಟಿಕ್ ಎಮಿಷನ್ (ಬಿರುಕು ಬಿಡುವಾಗ ವಸ್ತುವಿನೊಳಗೆ ಹೊರಡುವ ಸದ್ದಿನ ಅಲೆ) ಅಳೆಯುವುದು ನನ್ನ ಪ್ರಾಜೆಕ್ಟ್. ಪಟ್ಟಿ 250 ಮಿ.ಮೀ. ಉದ್ದ, 25 ಮಿ.ಮೀ. ಅಗಲ. ಬಜರ್‌ನಲ್ಲಿ ಬರುವ 27 ಮಿ.ಮೀ. ಪೀಜೋ ಬಿಲ್ಲೆಯನ್ನು ಟೇಪ್ ಹಾಕಿ ಅಂಟಿಸಿದ್ದೇನೆ. ಟಿಎಲ್072 ಐಸಿಯ ಒಂದೇ ಹಂತದಲ್ಲಿ ನೂರು ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್ ಕಟ್ಟಿದ್ದೇನೆ. ಸೌಂಡ್ ಕಾರ್ಡ್‌ನಲ್ಲಿ 96 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಲೋಡ್ ಹಾಕದೇ ಇದ್ದರೂ ನೂರಾರು ಹಿಟ್ (ಥ್ರೆಶೋಲ್ಡ್, ಅಂದರೆ ನಾವೇ ಇಟ್ಟ ಮಿತಿ, ದಾಟಿದ ಸಿಗ್ನಲ್) ಬರುತ್ತವೆ. ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಕಂಪನ ಎಷ್ಟಿದೆ ಅನ್ನುವ ಲೆಕ್ಕ) ತೆಗೆದರೆ ಎಲ್ಲ ಹಿಟ್‌ಗಳಲ್ಲೂ 4.5 ಕಿಲೋಹರ್ಟ್ಸ್ ಹತ್ತಿರ ಒಂದೇ ಪೀಕ್. ಇದು ಫೈಬರ್ ಮುರಿಯುವುದರ ಗುರುತು ಅಂತ ರಿಪೋರ್ಟ್‌ನಲ್ಲಿ ಬರೆಯಬಹುದಾ? ಥ್ರೆಶೋಲ್ಡ್ ಎಷ್ಟಿಡಬೇಕು?

ಉತ್ತರ: ದಯವಿಟ್ಟು ಬರೆಯಬೇಡಿ. ಆ 4.5 ಕಿಲೋಹರ್ಟ್ಸ್ ನಿಮ್ಮ ಬಜರ್‌ದು.

ಅನುಮಾನ ಇದ್ದರೆ ಈಗಲೇ ನೋಡಿ. ಬಿಲ್ಲೆಯನ್ನು ಪಟ್ಟಿಯಿಂದ ಕಿತ್ತು, ವೈರ್ ಹಿಡಿದು ಗಾಳಿಯಲ್ಲಿ ನೇತುಹಾಕಿ. ಉಗುರಿನಿಂದ ಒಮ್ಮೆ ಟಕ್ ಅಂತ ತಟ್ಟಿ. ಅದೇ ಪೀಕ್ ಬರುತ್ತದೆ, ಹೆಚ್ಚೆಂದರೆ ಸ್ವಲ್ಪ ಆಚೀಚೆ. ಹಿತ್ತಾಳೆ ತಗಡಿನ ಮೇಲೆ ಪೀಜೋ ಪದರ ಕೂರಿಸಿದ ಈ ಬಿಲ್ಲೆ ತಟ್ಟೆಯ ಹಾಗೆ ಬಾಗಿ ಕಂಪಿಸುತ್ತದೆ. ಮನುಷ್ಯರ ಕಿವಿಗೆ ಜೋರಾಗಿ ಕೇಳಲಿ ಅಂತಲೇ ಅದರ ರೆಸೊನೆನ್ಸನ್ನು (ತಾನಾಗಿ ಜೋರಾಗಿ ಕುಣಿಯುವ ಕಂಪನವನ್ನು) ಕೆಲವು ಕಿಲೋಹರ್ಟ್ಸ್‌ನಲ್ಲಿ ಇಟ್ಟಿರುತ್ತಾರೆ. ಗಂಟೆಯನ್ನು ಕೋಲಿನಿಂದ ಹೊಡೆದರೂ ಕಲ್ಲಿನಿಂದ ಹೊಡೆದರೂ ಕೇಳುವುದು ಗಂಟೆಯ ಸ್ವರವೇ, ಅಲ್ವಾ? ಆ ಸ್ವರ ಕೇಳಿ ಹೊಡೆದಿದ್ದು ಯಾವುದು ಅಂತ ಹೇಳಲು ಆಗಲ್ಲ. ಉತ್ತರದ ಉಳಿದ ಭಾಗವೆಲ್ಲ ಸುತ್ತುವುದು ಈ ಒಂದೇ ವಿಷಯದ ಸುತ್ತ.

ಇನ್ನೊಂದು ಕಹಿ ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ನೀವು ಈವರೆಗೆ ರೆಕಾರ್ಡ್ ಮಾಡಿದ್ದರಲ್ಲಿ ಅಕೌಸ್ಟಿಕ್ ಎಮಿಷನ್ ಬಹುಶಃ ಇಲ್ಲವೇ ಇಲ್ಲ. ಬಿರುಕು ಬಾಯಿ ಬಿಡುವುದು ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ. ಆಗ ಹೊರಡುವ ಅಲೆಯಲ್ಲಿ ಹತ್ತಾರು ಕಿಲೋಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗಿನ ಕಂಪನಗಳಿರುತ್ತವೆ. ಲೋಹದ ಟ್ಯಾಂಕು, ಪೈಪುಗಳಲ್ಲಿ ಸಾಮಾನ್ಯವಾಗಿ 100ರಿಂದ 300 ಕಿಲೋಹರ್ಟ್ಸ್ ನಡುವೆ ಕೇಳುತ್ತಾರೆ. ಕಾಂಕ್ರೀಟಿನಲ್ಲಿ, ಸೋರಿಕೆ ಹುಡುಕುವಾಗ ಅದಕ್ಕೂ ಕೆಳಗೆ ಇಳಿಯುತ್ತಾರೆ, ಯಾಕೆಂದರೆ ಅಲ್ಲಿ ಮೇಲಿನ (ಹೆಚ್ಚು ಕಿಲೋಹರ್ಟ್ಸ್‌ನ) ಕಂಪನಗಳು ದೂರ ಹೋಗುವ ಮೊದಲೇ ಸತ್ತುಹೋಗುತ್ತವೆ. ತವರದ ಕಡ್ಡಿ ಬಗ್ಗಿಸಿದಾಗ ಕಿರ್ ಅನ್ನುವುದೂ ಇದೇ ಜಾತಿಯ ಸದ್ದು, ಬರಿಗಿವಿಗೆ ಕೇಳುವ ಅಪರೂಪದ ಉದಾಹರಣೆ. ಗ್ಲಾಸ್ ಫೈಬರ್ ಪಟ್ಟಿಯೂ ಮುರಿಯುವ ಹೊತ್ತಿಗೆ ಚಟಪಟ ಅನ್ನುತ್ತದೆ, ಆದರೆ ಆಗ ಅಳೆಯಬೇಕಾದದ್ದರಲ್ಲಿ ಹೆಚ್ಚಿನದು ಮುಗಿದಿರುತ್ತದೆ.

ಈಗ ನಿಮ್ಮ ಜೋಡಣೆ ನೋಡಿ. 96 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಅಂದರೆ ಅದರ ಅರ್ಧ, 48ರ ಮೇಲಿನದು ಸಿಗುವುದಿಲ್ಲ. ಅದಕ್ಕೂ ಮೊದಲೇ ಆಂಪ್ಲಿಫೈಯರ್ ಬಾಗಿಲು ಹಾಕಿದೆ. ಟಿಎಲ್072ರ ಗೇನ್-ಬ್ಯಾಂಡ್‌ವಿಡ್ತ್ (ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಗೇನ್ ಮತ್ತು ಬ್ಯಾಂಡಿನ ಅಗಲದ ಗುಣಲಬ್ಧ) ಸುಮಾರು 3 ಮೆಗಾಹರ್ಟ್ಸ್. ಒಂದೇ ಹಂತದಲ್ಲಿ ನೂರು ಪಟ್ಟು ಕೇಳಿದರೆ ಉಳಿಯುವುದು 30 ಕಿಲೋಹರ್ಟ್ಸ್. ಅದರ ಹಿಂದೆ 4.5ರಲ್ಲಿ ಕುಣಿಯುವ ಬಜರ್. ಹಾಗಾಗಿ ನಿಮಗೆ ಕೇಳಿಸುತ್ತಿರುವುದು ಮಷೀನಿನ ಗಡಗಡ, ಗ್ರಿಪ್ಪಿನ ಕಿರಿಕಿರಿ, ಕೋಣೆಯ ಮಾತು. ನೂರಾರು ಹಿಟ್‌ಗಳ ಮೂಲ ಅಲ್ಲೇ ಇದೆ.

ಸೆನ್ಸರ್‌ನಿಂದ ಶುರು ಮಾಡೋಣ. ಹಿತ್ತಾಳೆ ತಗಡಿಲ್ಲದ ಬರೀ ಪಿಜೆಡ್‌ಟಿ (ಪೀಜೋ ಸೆರಾಮಿಕ್) ಬಿಲ್ಲೆ ತೆಗೆದುಕೊಳ್ಳಿ. ಒಂದು ಒರಟು ಲೆಕ್ಕ ನೆನಪಿಡಿ: 2000ವನ್ನು ಮಿ.ಮೀ. ಅಳತೆಯಿಂದ ಭಾಗಿಸಿದರೆ ರೆಸೊನೆನ್ಸ್ ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. 10 ಮಿ.ಮೀ. ವ್ಯಾಸದ ಬಿಲ್ಲೆ ಅಡ್ಡಕ್ಕೆ ಹಿಗ್ಗಿ ಕುಗ್ಗುವುದು ಸುಮಾರು 200 ಕಿಲೋಹರ್ಟ್ಸ್‌ನಲ್ಲಿ. ದಪ್ಪ 1 ಮಿ.ಮೀ. ಇದ್ದರೆ ಆ ದಿಕ್ಕಿನ ರೆಸೊನೆನ್ಸ್ 2 ಮೆಗಾಹರ್ಟ್ಸ್ ಹತ್ತಿರ, ನಮಗೆ ಬೇಕಾದ ಬ್ಯಾಂಡಿನಿಂದ ದೂರ. ಪಿಜೆಡ್‌ಟಿಯ ಜಾತಿ ಬದಲಾದರೆ ಈ ಅಂಕಿಗಳೂ ಸ್ವಲ್ಪ ಬದಲಾಗುತ್ತವೆ. ಬಿಲ್ಲೆಯ ಕೆಳಗೆ ತೆಳುವಾದ ಸೆರಾಮಿಕ್ ತಟ್ಟೆ ಇರಲಿ. ಅದು ಬಿಲ್ಲೆಯನ್ನು ಸವೆತದಿಂದ ಕಾಪಾಡುತ್ತದೆ. ಲೋಹದ ಮೇಲೆ ಕೂರಿಸಿದಾಗ ಗ್ರೌಂಡ್ ಲೂಪ್ ಆಗದಂತೆಯೂ ತಡೆಯುತ್ತದೆ. ಸುತ್ತ ಲೋಹದ ಡಬ್ಬಿ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ಬಿಲ್ಲೆ ಒಂದು ಒಳ್ಳೆಯ ಆಂಟೆನಾ ಆಗುತ್ತದೆ.

ಬಿಲ್ಲೆಯ ಬೆನ್ನಿಗೆ ಟಂಗ್‌ಸ್ಟನ್ ಪುಡಿ ಕಲಸಿದ ಎಪಾಕ್ಸಿ ಮೆತ್ತಿದರೆ ಅದರ ಕುಣಿತ ತಗ್ಗುತ್ತದೆ, ಬ್ಯಾಂಡ್ ಅಗಲವಾಗುತ್ತದೆ. ಜೊತೆಗೆ ಸೂಕ್ಷ್ಮತೆಯೂ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಿಟ್ ಎಣಿಸುವುದು, ಜಾಗ ಹುಡುಕುವುದಷ್ಟೇ ಕೆಲಸವಾದರೆ ರೆಸೊನೆಂಟ್ ಸೆನ್ಸರ್ ಸಾಕು. ಕಂಪನ ನೋಡಿ ಏನಾದರೂ ಹೇಳಬೇಕಿದ್ದರೆ ಬ್ರಾಡ್‌ಬ್ಯಾಂಡ್ ಬೇಕು. ನಿಮ್ಮ ಪಟ್ಟಿ ಚಿಕ್ಕದು, ಸಿಗ್ನಲ್ ದೂರ ಹೋಗಬೇಕಿಲ್ಲ. ಹಾಗಾಗಿ ನಾನಾಗಿದ್ದರೆ ಸೂಕ್ಷ್ಮತೆ ಬಿಟ್ಟುಕೊಟ್ಟು ಬ್ರಾಡ್‌ಬ್ಯಾಂಡ್ ಕಡೆಗೇ ವಾಲುತ್ತಿದ್ದೆ.

ಬಿಲ್ಲೆಯ ಅಗಲದ ಕಡೆಗೂ ಗಮನ ಇರಲಿ. ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಓಡುವ 300 ಕಿಲೋಹರ್ಟ್ಸ್ ಅಲೆಯ ಉದ್ದ 10 ಮಿ.ಮೀ. ನಾನು ಮೇಲೆ ಹೇಳಿದ ಬಿಲ್ಲೆಯೂ ಅಷ್ಟೇ ಅಗಲ. ಅಲೆಯ ಏರು ಒಂದು ಅರ್ಧದಲ್ಲಿ, ಇಳಿವು ಇನ್ನೊಂದು ಅರ್ಧದಲ್ಲಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಸೆನ್ಸರ್ ಆ ಕಂಪನಕ್ಕೆ ಹೆಚ್ಚುಕಡಿಮೆ ಕಿವುಡಾಗುತ್ತದೆ. ಇದಕ್ಕೆ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಪ್ರಾಕ್ಟರ್ ಅನ್ನುವವರು 1982ರಲ್ಲಿ ಚೆಂದದ ಉಪಾಯ ಪ್ರಕಟಿಸಿದರು. ಪಿಜೆಡ್‌ಟಿಯನ್ನು ಶಂಕುವಿನಾಕಾರಕ್ಕೆ ತಂದು, ಚೂಪು ತುದಿ ಮಾತ್ರ ಮೇಲ್ಮೈಗೆ ತಾಗುವಂತೆ ಇಟ್ಟು, ಹಿಂದೆ ದೊಡ್ಡ ಹಿತ್ತಾಳೆ ಗಟ್ಟಿ ಬೆಸೆದರು. ತುದಿ ಸಣ್ಣದಾದ್ದರಿಂದ ಅಲೆಯುದ್ದದ ಜಗಳ ಇಲ್ಲ. ಒಳಗೆ ಹೋದ ಅಲೆ ಗಟ್ಟಿಯಲ್ಲಿ ಕರಗುತ್ತದೆ, ವಾಪಸು ಬಂದು ಕುಣಿಸುವುದಿಲ್ಲ. ಇದನ್ನು ಮನೆಯಲ್ಲಿ ಮಾಡಿ ಅಂತ ಹೇಳುತ್ತಿಲ್ಲ. ಆದರೆ ಸೆನ್ಸರ್ ವಿನ್ಯಾಸ ಅಂದರೆ ಏನು ಅಂತ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಟೇಪ್ ಬಿಟ್ಟುಬಿಡಿ. ಸೆನ್ಸರ್ ಮತ್ತು ಪಟ್ಟಿಯ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಈ ಕಂಪನಗಳು ದಾಟುವುದಿಲ್ಲ. ಸಿಲಿಕಾನ್ ಗ್ರೀಸ್ ಬಳಸಿ. ಅಕ್ಕಿಕಾಳಿನಷ್ಟು ಗ್ರೀಸ್ ಸೆನ್ಸರ್ ನಡುವಿಗೆ ಹಚ್ಚಿ, ಪಟ್ಟಿಯ ಮೇಲಿಟ್ಟು ಒತ್ತಿ, ಕಾಲು ಸುತ್ತು ಅತ್ತಿತ್ತ ತಿರುಗಿಸಿ. ಗ್ರೀಸ್ ನಾಲ್ಕೂ ಕಡೆ ತೆಳುವಾಗಿ ಹೊರಬಂದು ಅಂಚಿನಲ್ಲಿ ಕಾಣಬೇಕು. ಜಾಸ್ತಿ ಹಾಕಿದರೆ ಚೆನ್ನಾಗಿ ಅಂಟುತ್ತದೆ ಅಂದುಕೊಳ್ಳುತ್ತಾರೆ, ಅದು ತಪ್ಪು. ಪದರ ತೆಳುವಿದ್ದಷ್ಟೂ ಒಳ್ಳೆಯದು. ಆಮೇಲೆ ಸ್ಪ್ರಿಂಗ್ ಕ್ಲಿಪ್ ಹಾಕಿ, ಪ್ರತಿ ಸಲವೂ ಅದೇ ಕ್ಲಿಪ್.

ಇನ್ನು ಆಂಪ್ಲಿಫೈಯರ್. 10 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪದ ಬಿಲ್ಲೆಯ ಕೆಪ್ಯಾಸಿಟೆನ್ಸ್ ಸುಮಾರು 1.2 ನ್ಯಾನೋಫ್ಯಾರಡ್. ಸಾಮಾನ್ಯ ಕೋಆಕ್ಸ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಸೇರಿಸುತ್ತದೆ. ಒಂದು ಮೀಟರ್ ಕೇಬಲ್‌ಗೆ ನೀವು ಕಳೆದುಕೊಳ್ಳುವುದು ಶೇಕಡಾ 8ರಷ್ಟು, ಅಡ್ಡಿಯಿಲ್ಲ. 300 ಪಿಕೋಫ್ಯಾರಡ್ ಇರುವ ಸಣ್ಣ ಸೆನ್ಸರ್‌ಗೆ ಮೂರು ಮೀಟರ್ ಕೇಬಲ್ ಹಾಕಿದರೆ ಮಾತ್ರ ಅರ್ಧ ಸಿಗ್ನಲ್ ಹೋಯಿತು ಅಂತಲೇ. ಪ್ರೀಆಂಪನ್ನು ಸೆನ್ಸರ್ ಪಕ್ಕದಲ್ಲೇ ಇಡುವುದು ಇದೇ ಕಾರಣಕ್ಕೆ. ಚಾರ್ಜ್ ಆಂಪ್ಲಿಫೈಯರ್ ಹಾಕಿದರೆ ಕೇಬಲ್ ಉದ್ದದ ಚಿಂತೆ ತಪ್ಪುತ್ತದೆ ಅನ್ನುವುದು ನಿಜ. ಆದರೆ ಕೇಬಲ್ ಉದ್ದವಾದಂತೆ ಅದರಲ್ಲಿ ನಾಯ್ಸ್ ಏರುತ್ತದೆ, ಬಿಟ್ಟಿ ಅಂತ ಯಾವುದೂ ಸಿಗಲ್ಲ.

ಮೊದಲ ಹಂತಕ್ಕೆ ಎಫ್‌ಇಟಿ ಇನ್‌ಪುಟ್ ಇರುವ, ವೇಗದ ಆಪ್-ಆಂಪ್ ಬೇಕು. ಉದಾಹರಣೆಗೆ ಎಡಿ8065. ಅದರ ನಾಯ್ಸ್ 7 ನ್ಯಾನೋವೋಲ್ಟ್ ಪ್ರತಿ ವರ್ಗಮೂಲ ಹರ್ಟ್ಸ್. 100ರಿಂದ 500 ಕಿಲೋಹರ್ಟ್ಸ್ ಬ್ಯಾಂಡ್ ಇಟ್ಟುಕೊಂಡರೆ ಅಗಲ 400 ಕಿಲೋಹರ್ಟ್ಸ್, ಅದರ ವರ್ಗಮೂಲ ಸುಮಾರು 632. ಗುಣಿಸಿದರೆ 4.4 ಮೈಕ್ರೋವೋಲ್ಟ್ ಆರ್‌ಎಂಎಸ್. ನಾಯ್ಸ್‌ನ ಮೊನೆಗಳು ಅದರ ನಾಲ್ಕೈದು ಪಟ್ಟು ಏರಬಹುದು, ಅಂದರೆ 20 ಮೈಕ್ರೋವೋಲ್ಟ್ ಆಸುಪಾಸು. ಈ ಅಂಕಿ ಮುಂದೆ ಬೇಕಾಗುತ್ತದೆ. ನೂರು ಪಟ್ಟು ಗೇನನ್ನು ಹತ್ತು ಹತ್ತರ ಎರಡು ಹಂತ ಮಾಡಿ. ಹೈಪಾಸ್ ಫಿಲ್ಟರ್ ಮೊದಲ ಹಂತದ ನಂತರ ಬರಲಿ. ಮೊದಲ ಹಂತದಲ್ಲೇ ಇಡೀ ಗೇನ್ ಕೊಟ್ಟರೆ ಮಷೀನಿನ ಕೆಳಗಿನ ಕಂಪನವೇ ಅದನ್ನು ತುಂಬಿಸಿಬಿಡುತ್ತದೆ.

ಇನ್‌ಪುಟ್‌ನಲ್ಲಿ ಗ್ರೌಂಡಿಗೆ ಹಾಕುವ ರೆಸಿಸ್ಟರ್ ಬಗ್ಗೆ ಒಂದು ಮಾತು. ದೊಡ್ಡ ರೆಸಿಸ್ಟರ್ ಅಂದರೆ ಜಾಸ್ತಿ ನಾಯ್ಸ್ ಅಂತ ಪುಸ್ತಕದಲ್ಲಿ ಓದಿ 10 ಕಿಲೋಓಮ್ ಹಾಕುವವರಿದ್ದಾರೆ. ಇಲ್ಲಿ ಲೆಕ್ಕ ಉಲ್ಟಾ. ಪಕ್ಕದಲ್ಲಿ ಸೆನ್ಸರ್‌ನ ಕೆಪ್ಯಾಸಿಟೆನ್ಸ್ ಇದೆಯಲ್ಲ, ಅದು ಮೇಲಿನ ಕಂಪನಗಳಲ್ಲಿ ರೆಸಿಸ್ಟರಿನ ನಾಯ್ಸನ್ನು ಒಳಗೇ ಶಾರ್ಟ್ ಮಾಡುತ್ತದೆ. ರೆಸಿಸ್ಟರ್ ದೊಡ್ಡದಾದಷ್ಟೂ ನಮ್ಮ ಬ್ಯಾಂಡಿನಲ್ಲಿ ಉಳಿಯುವ ನಾಯ್ಸ್ ಕಡಿಮೆ. 1 ಮೆಗಾಓಮ್ ಹಾಕಿ.

ಡಿಜಿಟೈಸರ್ ವಿಚಾರ. ಸೆಕೆಂಡಿಗೆ 5ರಿಂದ 10 ಮೆಗಾಸ್ಯಾಂಪಲ್ ವೇಗ, 16 ಬಿಟ್ ಇದ್ದರೆ ನೆಮ್ಮದಿ. ಲ್ಯಾಬಿನ ಆಸಿಲೋಸ್ಕೋಪ್ ಸಾಕಾಗಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ವೇಗ ಸಾಕು, ಬಿಟ್ ಸಾಲದು. 8 ಬಿಟ್‌ನಲ್ಲಿ ಪ್ಲಸ್ ಮೈನಸ್ 10 ವೋಲ್ಟ್ ಅಳೆದರೆ ಒಂದು ಮೆಟ್ಟಿಲು 78 ಮಿಲಿವೋಲ್ಟ್. ಸೆನ್ಸರ್ ಕಡೆಗೆ ತಿರುಗಿಸಿದರೆ 780 ಮೈಕ್ರೋವೋಲ್ಟ್. ಅದಕ್ಕಿಂತ ಸಣ್ಣ ಘಟನೆಗಳು ಮೆಟ್ಟಿಲ ಕೆಳಗೇ ಹೂತುಹೋಗುತ್ತವೆ. 16 ಬಿಟ್‌ನಲ್ಲಿ ಅದೇ ಮೆಟ್ಟಿಲು ಸೆನ್ಸರ್ ಕಡೆಗೆ 3 ಮೈಕ್ರೋವೋಲ್ಟ್ ಆಗುತ್ತದೆ, ಆಂಪ್ಲಿಫೈಯರ್‌ನ ನಾಯ್ಸ್‌ಗಿಂತ ಕೆಳಗೆ. ಬೇಕಾದದ್ದು ಅಷ್ಟೇ.

ಆ್ಯಂಟಿ-ಅಲಿಯಾಸಿಂಗ್ ಫಿಲ್ಟರ್ ಮರೆಯಬೇಡಿ. ಸೌಂಡ್ ಕಾರ್ಡ್‌ನಲ್ಲಿ ಅದು ಒಳಗೇ ಇರುತ್ತದೆ, ಸುಮಾರು ಡೇಟಾ ಕಾರ್ಡ್‌ಗಳಲ್ಲಿ ಇರುವುದಿಲ್ಲ. 1 ಮೆಗಾಸ್ಯಾಂಪಲ್‌ನಲ್ಲಿ ತೆಗೆದರೆ 800 ಕಿಲೋಹರ್ಟ್ಸ್ ಕಂಪನವೊಂದು ಸದ್ದಿಲ್ಲದೆ 200 ಕಿಲೋಹರ್ಟ್ಸ್ ವೇಷ ಹಾಕಿಕೊಂಡು ಕೂರುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಆ ವೇಷ ಕಳಚಲಾರದು. ಎಲ್ಲವನ್ನೂ ನಿರಂತರವಾಗಿ ಉಳಿಸಿಡುವ ಆಸೆಯೂ ಬೇಡ. 10 ಮೆಗಾಸ್ಯಾಂಪಲ್, 16 ಬಿಟ್ ಅಂದರೆ ಒಂದು ಚಾನೆಲ್‌ಗೆ ಗಂಟೆಗೆ 72 ಗಿಗಾಬೈಟ್. ಥ್ರೆಶೋಲ್ಡ್ ದಾಟಿದಾಗ ಮಾತ್ರ ಉಳಿಸಿ, ಜೊತೆಗೆ ದಾಟುವ ಮೊದಲಿನ 50 ಮೈಕ್ರೋಸೆಕೆಂಡೂ ಇರಲಿ. ಮೊದಲು ಬರುವ ಸಣ್ಣ ಅಲೆ ಆ ಭಾಗದಲ್ಲೇ ಅಡಗಿರುತ್ತದೆ.

ಈಗ ಥ್ರೆಶೋಲ್ಡ್. ಈ ಕ್ಷೇತ್ರದಲ್ಲಿ ಡೆಸಿಬೆಲ್ ಎಣಿಸುವುದು ಸೆನ್ಸರ್‌ನಿಂದ ಹೊರಬರುವ 1 ಮೈಕ್ರೋವೋಲ್ಟನ್ನು ಸೊನ್ನೆ ಅಂತ ಇಟ್ಟುಕೊಂಡು. 40 ಡೆಸಿಬೆಲ್ ಅಂದರೆ 100 ಮೈಕ್ರೋವೋಲ್ಟ್, 60 ಅಂದರೆ 1 ಮಿಲಿವೋಲ್ಟ್, 100 ಅಂದರೆ 100 ಮಿಲಿವೋಲ್ಟ್. ನಿಮ್ಮ ಪ್ರೀಆಂಪ್ ನೂರು ಪಟ್ಟು ಮಾಡುವುದರಿಂದ 100 ಡೆಸಿಬೆಲ್ ಬಂದಾಗ ಹೊರಗೆ 10 ವೋಲ್ಟ್ ಆಗುತ್ತದೆ, ಕಾರ್ಡಿನ ತುದಿಗೆ ಸರಿಯಾಗಿ. ಆಗಲೇ ಲೆಕ್ಕ ಹಾಕಿದ 20 ಮೈಕ್ರೋವೋಲ್ಟ್ ಅಂದರೆ 26 ಡೆಸಿಬೆಲ್. ಹಾಗಾಗಿ 40 ಡೆಸಿಬೆಲ್‌ನಿಂದ ಶುರು ಮಾಡಿದರೆ ಎಲೆಕ್ಟ್ರಾನಿಕ್ಸ್‌ನ ನಾಯ್ಸ್ ಹಿಟ್ ಆಗಬಾರದು. ಆದರೂ ಹಿಟ್ ಬಂದರೆ ಥ್ರೆಶೋಲ್ಡನ್ನು ಸುಮ್ನೆ ಏರಿಸುತ್ತಾ ಹೋಗಬೇಡಿ. ಅವು ಎಲ್ಲಿಂದ ಬರುತ್ತಿವೆ ಅಂತ ಹುಡುಕಿ.

ಹುಡುಕಲು ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಸೆನ್ಸರ್ ತೆಗೆದು ಅದರ ಜಾಗದಲ್ಲಿ 1.2 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿ ಹತ್ತು ನಿಮಿಷ ಬಿಡಿ. ಸೊನ್ನೆ ಹಿಟ್ ಬರಬೇಕು. ಬರದಿದ್ದರೆ ತಪ್ಪು ಸರ್ಕ್ಯೂಟ್‌ನಲ್ಲಿ, ಪವರ್ ಸಪ್ಲೈನಲ್ಲಿ. ಬ್ಯಾಟರಿಗೆ ಬದಲಿಸಿ ನೋಡಿ. ಆಮೇಲೆ ಸೆನ್ಸರ್ ಹಾಕಿ ಗಾಳಿಯಲ್ಲಿ ತೂಗುಬಿಡಿ. ಈಗ ಬಂದವು ಶೀಲ್ಡಿಂಗ್ ಸಾಲದ್ದರಿಂದ ಬಂದವು. ಆಮೇಲೆ ಪಟ್ಟಿಗೆ ಕೂರಿಸಿ ಮೇಜಿನ ಮೇಲೆ. ಆಮೇಲೆ ಗ್ರಿಪ್‌ಗೆ ಹಾಕಿ, ಮಷೀನ್ ಆನ್, ಲೋಡ್ ಇಲ್ಲ. ಪ್ರತಿ ಹೆಜ್ಜೆಯಲ್ಲಿ ಹೊಸದಾಗಿ ಏನು ಸೇರಿತೋ ಅದೇ ಕಳ್ಳ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಹುಡುಕಲು ಹೋದರೆ ವಾರಗಟ್ಟಲೆ ಬೇಕು, ಹೀಗೆ ಹೋದರೆ ಒಂದು ಮಧ್ಯಾಹ್ನ ಸಾಕು.

ವಿದ್ಯುತ್ ಮೂಲದ ಸುಳ್ಳು ಹಿಟ್‌ಗಳನ್ನು ಮುಖ ನೋಡಿಯೇ ಗುರುತಿಸಬಹುದು. ಸಣ್ಣ ಮುಳ್ಳಿನ ಹಾಗಿರುತ್ತವೆ, ಒಂದೆರಡು ಸುತ್ತು ಕುಣಿದು ಮುಗಿಯುತ್ತವೆ, ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ ಬರುತ್ತವೆ. ನಿಜವಾದ ಅಲೆಗೆ 150 ಮಿ.ಮೀ. ದಾಟಲು ಸುಮಾರು 50 ಮೈಕ್ರೋಸೆಕೆಂಡ್ ಬೇಕು. ಸರಿಯಾಗಿ ಮಧ್ಯದಲ್ಲಿ ಹುಟ್ಟಿದ್ದು ಬಿಟ್ಟರೆ ಅದು ಎರಡು ಸೆನ್ಸರ್‌ಗಳಿಗೆ ಒಟ್ಟಿಗೆ ತಲುಪುವುದಿಲ್ಲ.

ಹಿಟ್ ಎಲ್ಲಿ ಮುಗಿಯಿತು ಅಂತ ತೀರ್ಮಾನಿಸಲು ಮೂರು ಟೈಮರ್‌ಗಳಿವೆ: ಪಿಡಿಟಿ, ಎಚ್‌ಡಿಟಿ, ಎಚ್‌ಎಲ್‌ಟಿ. ಮೊದಲನೆಯದು ಪೀಕ್ ಹುಡುಕುವ ಕಾಲ. ಎರಡನೆಯದು ಸಿಗ್ನಲ್ ಎಷ್ಟು ಹೊತ್ತು ಥ್ರೆಶೋಲ್ಡ್ ಕೆಳಗೆ ಸುಮ್ಮನಿದ್ದರೆ ಹಿಟ್ ಮುಗಿಯಿತು ಅನ್ನುವ ಗಡುವು. ಮೂರನೆಯದು ಆಮೇಲೆ ಎಷ್ಟು ಹೊತ್ತು ಕಿವಿ ಮುಚ್ಚಿಕೊಂಡಿರಬೇಕು ಅನ್ನುವುದು. ಕಾಂಪೋಸಿಟ್‌ಗೆ 50, 200, 300 ಮೈಕ್ರೋಸೆಕೆಂಡ್‌ನಿಂದ ಶುರು ಮಾಡಿ, ನಿಮ್ಮ ಸಿಗ್ನಲ್ ನೋಡಿಕೊಂಡು ತಿದ್ದಿ. ಎಚ್‌ಡಿಟಿ ಜಾಸ್ತಿಯಾದರೆ ಎರಡು ಬಿರುಕು ಒಂದೇ ಹಿಟ್ ಆಗುತ್ತವೆ, ಕಡಿಮೆಯಾದರೆ ಒಂದೇ ಬಿರುಕು ಮೂರು ಹಿಟ್ ಆಗುತ್ತದೆ. ಬಳಸಿದ ಅಂಕಿಗಳನ್ನು ರಿಪೋರ್ಟ್‌ನಲ್ಲಿ ಬರೆಯದಿದ್ದರೆ ನಿಮ್ಮ ಹಿಟ್ ಎಣಿಕೆಗೆ ಅರ್ಥವೇ ಇಲ್ಲ.

ಈಗ ನನಗೆ ಅತಿ ಇಷ್ಟದ ಭಾಗ, ಪೆನ್ಸಿಲ್. ಸೂ-ನೀಲ್ಸನ್ ಮೂಲ ಅಂತ ಇದರ ಹೆಸರು, ಎಎಸ್‌ಟಿಎಂ ಇ976 ಅನ್ನುವ ಅಮೆರಿಕದ ಮಾನದಂಡದಲ್ಲೂ ಇದೆ. ಕ್ಲಚ್ ಪೆನ್ಸಿಲ್ ತೆಗೆದುಕೊಂಡು 0.5 ಅಥವಾ 0.3 ಮಿ.ಮೀ.ನ 2ಎಚ್ ಲೆಡ್ ಹಾಕಿ. 3 ಮಿ.ಮೀ. ಹೊರಗೆ ಬಿಡಿ, ಪ್ರತಿ ಸಲ ಅಳೆದು. ಮೇಲ್ಮೈಗೆ ಓರೆಯಾಗಿ ತಾಗಿಸಿ, ಲೆಡ್ ಟಪ್ ಅಂತ ಮುರಿಯುವವರೆಗೆ ನಿಧಾನವಾಗಿ ಒತ್ತಿ. ಲೆಡ್ ಒತ್ತಿದಾಗ ಮೇಲ್ಮೈ ಕೂದಲಷ್ಟು ತಗ್ಗಿರುತ್ತದೆ. ಮುರಿದ ತಕ್ಷಣ ಆ ಭಾರ ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಮಾಯವಾಗುತ್ತದೆ. ಸಣ್ಣ ಬಿರುಕಿನಂಥದೇ ಅಲೆ ಹೊರಡುತ್ತದೆ. ಕೈ ಅಲುಗಿದರೆ ಪೆನ್ಸಿಲಿನ ಮೂತಿ ಪಟ್ಟಿಗೆ ಬಡಿದು ಎರಡನೇ ಹಿಟ್ ಬರುತ್ತದೆ. ಅದನ್ನು ತಡೆಯಲು ಮೂತಿಗೆ ಸಣ್ಣ ಟೆಫ್ಲಾನ್ ಬಳೆ ತೊಡಿಸುತ್ತಾರೆ. ಒಂದೇ ಜಾಗದಲ್ಲಿ ಐದು ಸಲ ಮುರಿಯಿರಿ. ಆಂಪ್ಲಿಟ್ಯೂಡ್ (ಅಲೆಯ ಎತ್ತರ) 3 ಡೆಸಿಬೆಲ್ ಒಳಗೆ ಹೊಂದಿದರೆ ಮುಂದೆ ಹೋಗಿ. ಹೊಂದದಿದ್ದರೆ ಸೆನ್ಸರ್ ಎತ್ತಿ, ಗ್ರೀಸ್ ಒರೆಸಿ, ಮತ್ತೆ ಕೂರಿಸಿ.

ಇದು ಬರೀ ಸೆನ್ಸರ್ ಪರೀಕ್ಷೆ ಅಂದುಕೊಂಡವರೇ ಜಾಸ್ತಿ. ನಿಮ್ಮ ಎಫ್‌ಎಫ್‌ಟಿ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಸೆನ್ಸರ್‌ನಿಂದ 100 ಮಿ.ಮೀ. ದೂರದಲ್ಲಿ, ಪಟ್ಟಿಯ ಅಗಲ ಮುಖದ ಮೇಲೆ ಒಂದು ಲೆಡ್ ಮುರಿಯಿರಿ. ಆಮೇಲೆ ಅದೇ ದೂರದಲ್ಲಿ ಪಟ್ಟಿಯ ತೆಳು ಅಂಚಿನ ಮೇಲೆ, ದಪ್ಪದ ಸರಿ ಮಧ್ಯಕ್ಕೆ, ಇನ್ನೊಂದು. ಮುಖದ ಮೇಲೆ ಮುರಿದಾಗ ಪಟ್ಟಿ ಬಾಗಿ ಬಳುಕುವ ಅಲೆ ಮೇಲುಗೈ. ನಿಧಾನ, ಎತ್ತರ, ಕೆಳಗಿನ ಕಂಪನಗಳೇ ಜಾಸ್ತಿ. ಅಂಚಿನಲ್ಲಿ ಮುರಿದಾಗ ಪಟ್ಟಿ ಹಿಗ್ಗಿ ಕುಗ್ಗುವ ಅಲೆ ಮುಂದೆ ಬರುತ್ತದೆ. ವೇಗ ಜಾಸ್ತಿ, ಕಂಪನವೂ ಮೇಲಿನದು. ಎರಡರ ಎಫ್‌ಎಫ್‌ಟಿ ಪಕ್ಕಪಕ್ಕ ಇಡಿ. ಅದೇ ಲೆಡ್, ಅದೇ ಕೈ, ಅದೇ ಸೆನ್ಸರ್. ಪೀಕ್ ಬೇರೆ! ಮೂಲ ಬದಲಾಗಿಲ್ಲ, ತಳ್ಳಿದ ದಿಕ್ಕು ಮಾತ್ರ ಬದಲಾಗಿದೆ.

ಇಷ್ಟಾದ ಮೇಲೆ "ಇಷ್ಟರಿಂದ ಇಷ್ಟು ಕಿಲೋಹರ್ಟ್ಸ್ ಬಂದರೆ ಎಪಾಕ್ಸಿ ಬಿರುಕು, ಅದರ ಮೇಲೆ ಬಂದರೆ ಫೈಬರ್" ಅನ್ನುವ ಟೇಬಲ್‌ಗಳನ್ನು ಹೇಗೆ ಓದಬೇಕು ಅಂತ ನಿಮಗೇ ತಿಳಿಯುತ್ತದೆ. ಒಬ್ಬರ ಬ್ಯಾಂಡ್ ಇನ್ನೊಬ್ಬರಿಗೆ ಹೊಂದುವುದಿಲ್ಲ. ನೀವು ನೋಡುವ ಸಿಗ್ನಲ್‌ನಲ್ಲಿ ಬಿರುಕು, ಅಲೆ ಬಂದ ದಾರಿ, ಸೆನ್ಸರ್, ಫಿಲ್ಟರ್ ನಾಲ್ಕೂ ಕಲಸಿಕೊಂಡಿರುತ್ತವೆ. ಹಾಗಂತ ಆ ಟೇಬಲ್‌ಗಳೆಲ್ಲ ಸುಳ್ಳಲ್ಲ. ಪದರದ ದಪ್ಪಕ್ಕೆ ಬೀಳುವ ಎಪಾಕ್ಸಿ ಬಿರುಕು ಹೆಚ್ಚಾಗಿ ಹಿಗ್ಗುವ ಅಲೆ ಹುಟ್ಟಿಸುತ್ತದೆ, ಪದರ ಬಿಡುವುದು ಬಳುಕುವ ಅಲೆ ಹುಟ್ಟಿಸುತ್ತದೆ. ಅದರಲ್ಲಿ ಮಾಹಿತಿ ಇದೆ. ಆದರೆ ಆ ಮಾಹಿತಿಯನ್ನು ನಿಮ್ಮದೇ ಪಟ್ಟಿಯ ಮೇಲೆ, ನಿಮ್ಮದೇ ಸೆನ್ಸರ್‌ನಿಂದ ಗಳಿಸಬೇಕು, ಬೇರೆಯವರ ಟೇಬಲ್‌ನಿಂದ ಎತ್ತಿಕೊಳ್ಳಬಾರದು.

ಎಫ್‌ಎಫ್‌ಟಿ ತೆಗೆಯುವಾಗ ಸಿಗ್ನಲ್‌ನ ಯಾವ ತುಂಡು ಅನ್ನುವುದೂ ಮುಖ್ಯ. ಸೆಕೆಂಡಿಗೆ 3 ಕಿ.ಮೀ. ವೇಗದ ಅಲೆ ನಿಮ್ಮ 250 ಮಿ.ಮೀ. ಪಟ್ಟಿಯನ್ನು 83 ಮೈಕ್ರೋಸೆಕೆಂಡ್‌ನಲ್ಲಿ ದಾಟುತ್ತದೆ. 1 ಮಿಲಿಸೆಕೆಂಡ್ ಉದ್ದದ ಹಿಟ್‌ನಲ್ಲಿ ಅದು ಹನ್ನೆರಡು ಸಲ ಆ ಕಡೆ ಈ ಕಡೆ ಓಡಾಡಿರುತ್ತದೆ. ಬಾಲದಲ್ಲಿರುವುದು ಪಟ್ಟಿಯ ಹಾಡು, ಬಿರುಕಿನದಲ್ಲ. ಮೊದಲ 50ರಿಂದ 100 ಮೈಕ್ರೋಸೆಕೆಂಡ್ ಮಾತ್ರ ಕತ್ತರಿಸಿಕೊಳ್ಳಿ. ಆಗ ಇನ್ನೊಂದು ಮಿತಿ ಎದುರಾಗುತ್ತದೆ. 10 ಮೆಗಾಸ್ಯಾಂಪಲ್‌ನಲ್ಲಿ 1024 ಬಿಂದು ಅಂದರೆ 102 ಮೈಕ್ರೋಸೆಕೆಂಡ್, ಎಫ್‌ಎಫ್‌ಟಿಯ ಒಂದು ಮನೆ ಸುಮಾರು 10 ಕಿಲೋಹರ್ಟ್ಸ್. ಪೀಕ್ 152.3 ಕಿಲೋಹರ್ಟ್ಸ್‌ನಲ್ಲಿದೆ ಅಂತ ದಶಾಂಶ ಹಾಕಿ ಬರೆದವರನ್ನು ಕಂಡರೆ ನಗು ಬರುತ್ತದೆ. ಸೊನ್ನೆಗಳನ್ನು ಸೇರಿಸಿ ಉದ್ದ ಮಾಡಿದರೆ ಗೆರೆ ನಯವಾಗಿ ಕಾಣುತ್ತದೆ, ಅಷ್ಟೇ. ಕಂಪನ ಮತ್ತು ಕಾಲ ಎರಡೂ ಒಟ್ಟಿಗೆ ಬೇಕಾದರೆ ವೇವ್ಲೆಟ್ ನೋಡಿ, ಎರಡು ಬಗೆಯ ಅಲೆಗಳು ಬೇರೆ ಬೇರೆ ಹೊತ್ತಿಗೆ ಬರುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ವಿಶ್ಲೇಷಣೆಯನ್ನು ಎಫ್‌ಎಫ್‌ಟಿಯಿಂದ ಶುರು ಮಾಡಬೇಡಿ. ಮೊದಲ ಚಿತ್ರ ಲೋಡ್ ವಿರುದ್ಧ ಒಟ್ಟು ಹಿಟ್ ಆಗಿರಲಿ. ಎರಡನೆಯದು ಆಂಪ್ಲಿಟ್ಯೂಡ್ ವಿರುದ್ಧ ಡ್ಯುರೇಷನ್ (ಹಿಟ್ ಎಷ್ಟು ಹೊತ್ತು ಇತ್ತು ಅನ್ನುವುದು). ಆಂಪ್ಲಿಟ್ಯೂಡ್ ಕಡಿಮೆ, ಡ್ಯುರೇಷನ್ ಉದ್ದ ಇರುವ ಗುಂಪು ಕಂಡರೆ ಅದು ಬಹುಪಾಲು ಉಜ್ಜಾಟ. ಮೂರನೆಯದಕ್ಕೆ ಪಟ್ಟಿಯನ್ನು ಒಂದೇ ಸಲ ಎಳೆದು ಮುರಿಯಬೇಡಿ. ಲೋಡ್ ಏರಿಸಿ, ಇಳಿಸಿ, ಮತ್ತೆ ಇನ್ನಷ್ಟು ಏರಿಸಿ. 1950ರಲ್ಲಿ ಮ್ಯೂನಿಕ್‌ನಲ್ಲಿ ಯೋಸೆಫ್ ಕೈಸರ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಲೋಹ ಹಿಂದೆ ಕಂಡ ಲೋಡ್ ದಾಟುವವರೆಗೆ ಮತ್ತೆ ಸದ್ದು ಮಾಡುವುದಿಲ್ಲ. ಕಾಂಪೋಸಿಟ್ ಅಷ್ಟು ಶಿಸ್ತಿನದಲ್ಲ. ಪೆಟ್ಟು ತಿಂದಂತೆಲ್ಲ ಹಳೆಯ ಲೋಡಿಗಿಂತ ಮುಂಚೆಯೇ ಸದ್ದು ಶುರುವಾಗುತ್ತದೆ. ಸದ್ದು ಮರಳಿ ಶುರುವಾದ ಲೋಡನ್ನು ಹಿಂದಿನ ಗರಿಷ್ಠ ಲೋಡಿನಿಂದ ಭಾಗಿಸಿದರೆ ಫೆಲಿಸಿಟಿ ರೇಷಿಯೋ ಸಿಗುತ್ತದೆ. ಅದು 1ರಿಂದ ಕೆಳಗಿಳಿಯುತ್ತಾ ಹೋಗುವುದೇ ಹಾನಿಯ ಲೆಕ್ಕ. ಇದಕ್ಕೆ ಬ್ರಾಡ್‌ಬ್ಯಾಂಡ್ ಸೆನ್ಸರೂ ಬೇಡ, ಎಫ್‌ಎಫ್‌ಟಿಯೂ ಬೇಡ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಗಟ್ಟಿಯಾಗಿ ನಿಲ್ಲುವ ಅಂಕಿ ಬೇಕಿದ್ದರೆ ಇದು ಒಳ್ಳೆಯದು.

ಕೊನೆಯದಾಗಿ ಎಷ್ಟು ಸೆನ್ಸರ್ ಅನ್ನುವುದು. ನೀವು ಕೇಳಿಲ್ಲ, ಆದರೂ ಹೇಳಬೇಕು. ನನ್ನ ಮೊದಮೊದಲ ಪ್ರಯೋಗವೊಂದರಲ್ಲಿ ಒಂದೇ ಸೆನ್ಸರ್ ಇತ್ತು. ಲೋಡಿನ ಜೊತೆ ಹಿಟ್ ಎಷ್ಟು ಚೆಂದ ಏರಿತ್ತೆಂದರೆ ನಾನು ಗ್ರಾಫ್ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದ್ದೆ. ಆಮೇಲೆ ಯಾಕೋ ಅನುಮಾನ ಬಂದು ಎರಡೂ ಗ್ರಿಪ್‌ಗಳ ಹತ್ತಿರ ಒಂದೊಂದು ಸೆನ್ಸರ್ ಹಾಕಿ ಮತ್ತೆ ಮಾಡಿದೆ. ಹಿಟ್‌ಗಳಲ್ಲಿ ಹೆಚ್ಚಿನವು ಮೊದಲು ತಲುಪಿದ್ದು ಕೆಳಗಿನ ಗ್ರಿಪ್ ಪಕ್ಕದ ಸೆನ್ಸರ್‌ಗೆ! ಪಟ್ಟಿಯ ತುದಿಗೆ ಅಂಟಿಸಿದ್ದ ಟ್ಯಾಬ್ ನಿಧಾನವಾಗಿ ಅಂಟು ಬಿಡುತ್ತಿತ್ತು. ನಾನು ಅಷ್ಟು ದಿನ ಅಳೆದಿದ್ದು ಅಂಟಿನ ಗುಣಮಟ್ಟವನ್ನು. ಗ್ರಾಫನ್ನು ಗೋಡೆಯಿಂದ ಕಿತ್ತೆ.

ಹಾಗಾಗಿ ನಾಲ್ಕು ಚಾನೆಲ್ ಇಡಿ. ಹೊರಗಿನ ಎರಡು ಕಾವಲಿಗೆ. ಹಿಟ್ ಮೊದಲು ಅವುಗಳಿಗೆ ಬಂದರೆ ಬಿಸಾಡಿ. ಒಳಗಿನ ಎರಡು ಅಳತೆಗೆ. ಅವುಗಳ ನಡುವೆ ಬಂದ ಸಮಯದ ವ್ಯತ್ಯಾಸವನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ, ಮಧ್ಯದಿಂದ ಬಿರುಕು ಎಷ್ಟು ದೂರ ಅಂತ ಸಿಗುತ್ತದೆ. ವೇಗವನ್ನು ಪುಸ್ತಕದಿಂದ ತೆಗೆದುಕೊಳ್ಳದೆ ಪೆನ್ಸಿಲಿನಿಂದ ನಿಮ್ಮ ಪಟ್ಟಿಯಲ್ಲೇ ಅಳೆಯಿರಿ, ಎಳೆಗಳ ಉದ್ದಕ್ಕೂ ಅಡ್ಡಕ್ಕೂ ಅದು ಬೇರೆ ಬೇರೆ. ಅಲೆ ಬಂದ ಕ್ಷಣವನ್ನು ಥ್ರೆಶೋಲ್ಡ್ ದಾಟಿದ ಹೊತ್ತಿನಿಂದ ತೆಗೆದರೆ ಸಣ್ಣ ಹಿಟ್‌ಗಳು ತಡವಾಗಿ ಬಂದಂತೆ ಕಾಣುತ್ತವೆ. 5 ಮೈಕ್ರೋಸೆಕೆಂಡ್ ತಪ್ಪಿದರೆ ಜಾಗ 7.5 ಮಿ.ಮೀ. ತಪ್ಪುತ್ತದೆ. ಎಐಸಿ ವಿಧಾನ (ನಾಯ್ಸ್ ಮುಗಿದು ಅಲೆ ಶುರುವಾಗುವ ಬಿಂದುವನ್ನು ಲೆಕ್ಕದಿಂದ ಹುಡುಕುವುದು) ಬಳಸಿ, ಕೋಡ್ ಹತ್ತು ಸಾಲೂ ಇಲ್ಲ.

ಮುರಿದ ಪಟ್ಟಿಗಳನ್ನು ಎಸೆಯಬೇಡಿ. ಪ್ರತಿಯೊಂದಕ್ಕೂ ನಂಬರ್ ಬರೆದು ಇಟ್ಟುಕೊಳ್ಳಿ. ಗ್ಲಾಸ್ ಫೈಬರ್ ಪಟ್ಟಿಗೆ ಹಿಂದಿನಿಂದ ಬೆಳಕು ಬಿಟ್ಟರೆ ಎಪಾಕ್ಸಿ ಬಿರುಕುಗಳು ಸಣ್ಣ ಗೆರೆಗಳಾಗಿ, ಪದರ ಬಿಟ್ಟ ಜಾಗ ಮಬ್ಬು ಮಚ್ಚೆಯಾಗಿ ಕಾಣುತ್ತವೆ. ಅವುಗಳ ದೂರವನ್ನು ಸ್ಕೇಲಿನಿಂದ ಅಳೆದು, ನಿಮ್ಮ ಲೆಕ್ಕ ತೋರಿಸಿದ ಜಾಗಗಳ ಪಕ್ಕದಲ್ಲಿ ಬರೆಯಿರಿ. ಎರಡು ಸಾಲೂ ಹೊಂದಿದ ಮೇಲೆ ಕಂಪನದ ಪ್ರಶ್ನೆಗೆ ವಾಪಸು ಬನ್ನಿ.